ಬಾಳೂ ಕಾಕಾನ ಗದ್ದೆಯ ಬೆಂಕಿ ಆರಿಸಿದ್ದು

ಬೆಂಕಿಯನ್ನು ಆರಿಸುವ ವಿಷಯದಲ್ಲಿ ಅಂಬರನಾಥದಿಂದ ಡೊಂಬಿವಲಿಯವರೆಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂದು ನಾನು ಮನಸಾರೆ ನಂಬಿದ್ದ ಕಾಲವೊಂದಿತ್ತು. ಅದು ಒಂದು ವಾರವೂ ಬಾಳಲಿಲ್ಲ.

ನಾನು ಮರಾಠಿ ನಾಡಿನ ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವನು. ಆ ವರ್ಷ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಬೆಂಕಿ ಅವಘಡ ತಡೆಯುವುದು ಹೇಗೆಂದು ರೈತರಿಗೆ ಪಾಠ ಹೇಳಬೇಕೆಂದು ನಮ್ಮ ಮ್ಯಾನೇಜರರಿಗೆ ಹೊಳೆಯಿತು. "ಯಾರು ಹೋಗ್ತೀರಿ?" ಎಂದು ಮೀಟಿಂಗಿನಲ್ಲಿ ಕೇಳಿದರು. ಫ್ಯಾನ್ ಸ್ವಲ್ಪ ಜೋರು ಮಾಡಿಸೋಣವೆಂದು ನಾನು ಅದೇ ಹೊತ್ತಿಗೆ ಕೈ ಎತ್ತಿದ್ದೆ. ಆಯ್ಕೆ ಅವಿರೋಧವಾಗಿ ನಡೆಯಿತು!

ಒಂದು ಮಧ್ಯಾಹ್ನ ತರಬೇತಿ ಕೊಟ್ಟರು. ತಗಡಿನ ಡಬ್ಬಿಯಲ್ಲಿ ಹೊತ್ತಿಸಿಟ್ಟ ಹಳೇ ಪೇಪರನ್ನು ನಾನು ಬೆಂಕಿ ಆರಿಸುವ ಪುಡಿಯ ಸಿಲಿಂಡರಿನಿಂದ ಒಂದೇ ಏಟಿಗೆ ಆರಿಸಿದೆ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನ ತಲೆಗೇರಿತು.

"ಇನ್ಮೇಲೆ ಗ್ಯಾಸ್ ಹಚ್ಚುವಾಗ ನನ್ನನ್ನ ಕರಿ. ಪಕ್ಕದಲ್ಲಿ ನಿಂತಿರ್ತೀನಿ," ಎಂದು ಮನೆಗೆ ಬಂದು ಹೆಂಡತಿ ಶಾರದೆಗೆ ಅಪ್ಪಣೆ ಮಾಡಿದೆ.

"ಸುಮ್ನ ನಿಲ್ಲೂದು ಯಾಕ್ರಿ? ಹಂಗ ಒಗ್ಗರಣಿನೂ ಹಾಕಿಬಿಡ್ರಿ," ಎಂದಳು. ಅವಳು ಧಾರವಾಡದವಳು, ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಧಾರವಾಡದ್ದೇ.

ಬೇರೆ ಇಲಾಖೆಯವರಿಗೆ ಬೇರೆ ಹಳ್ಳಿಗಳು ಸಿಕ್ಕವು, ನನ್ನ ಪಾಲಿಗೆ ಬಂದದ್ದು ಬಾಳೂ ಕಾಕಾನ ಊರು. ಅಂಬರನಾಥದಾಚೆ ಇರುವ ಆ ಹಳ್ಳಿಯಲ್ಲಿ ಭತ್ತ ಬೆಳೆಯುವ ಕಾಕಾನಿಂದಲೇ ನಾವು ವರ್ಷವರ್ಷವೂ ಅಕ್ಕಿ ತರುತ್ತಿದ್ದೆವು. ಕಾಕಾನ ಹೆಂಡತಿ ಕಾಕೂ ಎಂದರೆ ಶಾರದೆಗೆ ಸ್ವಂತ ಅಕ್ಕನ ಹಾಗೆ. ಹೀಗಾಗಿ ಆ ಭಾನುವಾರ ಅವಳೂ ಜೀಪು ಹತ್ತಿದಳು. ಹಿಂದೆ ಅಂಥವೇ ಕೆಂಪು ಸಿಲಿಂಡರುಗಳು, ಒಂದು ಕಟ್ಟು ಪೋಸ್ಟರು, ಮುಂದೆ ನಾನು. ಏಪ್ರಿಲ್ ತಿಂಗಳ ಬಿಸಿಲು ಸುಡುತ್ತಿತ್ತು.

ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಹೊಗೆ ಕಂಡಿತು. ಬಾಳೂ ಕಾಕಾನ ಗದ್ದೆಗೇ ಬೆಂಕಿ! ಅದಕ್ಕಿಂತ ಆಘಾತವೆಂದರೆ, ಗಂಡ ಹೆಂಡತಿ ಇಬ್ಬರೂ ಬದುವಿನ ಮೇಲೆ ಕೂತು, ಉರಿಯುವ ಗದ್ದೆಯನ್ನು ನೋಡುತ್ತಾ ಚಹಾ ಕುಡಿಯುತ್ತಿದ್ದರು!

"ನೋಡು ಶಾರದಾ, ಎಂಥಾ ನಿರ್ಲಕ್ಷ್ಯ! ನಮ್ಮ ಪೋಸ್ಟರಿನಲ್ಲಿ ಇದನ್ನೇ ಬರೆದಿರೋದು."

"ರೀ, ಅವರು ಅಷ್ಟ ಆರಾಮ ಕೂತಾರಂದ್ರ ಏನರೆ ಕಾರಣ ಇರಬೇಕು. ಮೊದ್ಲ ಕೇಳ್ರಿ."

ಕೇಳುವುದೇ? ಬೆಂಕಿಯ ಎದುರು ಒಂದೊಂದು ಕ್ಷಣವೂ ಅಮೂಲ್ಯ! ನಾನು ಸಿಲಿಂಡರು ಎತ್ತಿಕೊಂಡು ಓಡಿದೆ. ಪಿನ್ ಕಿತ್ತೆ, ಒತ್ತಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲು ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅದು ನನಗೆ ನೆನಪಾದದ್ದು ಬಿಳಿ ಪುಡಿಯೆಲ್ಲ ನನ್ನ ಮುಖಕ್ಕೂ, ಹಿಂದೆ ಓಡಿ ಬಂದ ಶಾರದೆಯ ಮುಖಕ್ಕೂ ಇಳಕಲ್ ಸೀರೆಗೂ ಮೆತ್ತಿಕೊಂಡ ಮೇಲೆ. ಎರಡನೆಯ ಸಿಲಿಂಡರನ್ನು ಸರಿಯಾದ ದಿಕ್ಕಿಗೆ ಹಿಡಿದೆ. ಉರಿ ತಗ್ಗಿತು, ಹೊಗೆ ಮಾತ್ರ ನಿಲ್ಲಲಿಲ್ಲ. ಬಾವಿಯ ಪಕ್ಕ ಪಂಪಿನ ಪೈಪು ಬಿದ್ದಿತ್ತು. ಸ್ವಿಚ್ ಹಾಕಿದೆ!

ಕಾಕಾ ಎರಡೂ ಕೈ ಮೇಲೆತ್ತಿ "ಅಹೋ ಸಾಹೇಬ್! ನಕೋ, ನಕೋ!" ಎಂದು ಕೂಗುತ್ತ ಓಡಿ ಬಂದರು. ಬೇಡ ಬೇಡ ಎಂದರೆ, ಪಾಪ, ನಮಗಾಗಿ ನಿಮ್ಮ ಪ್ರಾಣ ಒತ್ತೆ ಇಡಬೇಡಿ ಎನ್ನುತ್ತಿದ್ದಾರೆ ಎಂದುಕೊಂಡೆ. "ಹೆದರಬೇಡಿ ಕಾಕಾ, ನಾನಿದ್ದೇನೆ!" ಎಂದು ಇನ್ನಷ್ಟು ನೀರು ಬಿಟ್ಟೆ. ಗದ್ದೆ ಚೊಕ್ಕವಾಗಿ ಕೆಸರಾಯಿತು.

ಕಾಕಾ ಪಂಪು ನಿಲ್ಲಿಸಿ, ಹಣೆಗೆ ಕೈ ಹಚ್ಚಿ ನಿಂತರು. ನಂತರ ಮರಾಠಿಯಲ್ಲಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಭತ್ತದ ಬೀಜ ಚೆಲ್ಲುವ ಸಸಿಮಡಿಯ ಮೇಲೆ ಒಣ ಸಗಣಿ, ತರಗೆಲೆ, ಹುಲ್ಲು ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಮಳೆಗಾಲಕ್ಕೆ ಮುಂಚೆ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಬೂದಿ ಗೊಬ್ಬರವಾಗುತ್ತದೆ. ಇದಕ್ಕೆ ಇಲ್ಲಿ ರಾಬ್ ಎನ್ನುತ್ತಾರೆ. ಸುಡದೆ ಬಿತ್ತಿದರೆ ಸಸಿಗಿಂತ ಕಳೆಯೇ ಹೆಚ್ಚು. ಸಸಿ ಇಲ್ಲದಿದ್ದರೆ ನಾಟಿ ಇಲ್ಲ, ನಾಟಿ ಇಲ್ಲದಿದ್ದರೆ ಆ ವರ್ಷ ಭತ್ತವೇ ಇಲ್ಲ.

ಕಾಕೂ ಮಾತ್ರ ಒದ್ದೆಯಾದ ಸಗಣಿಯನ್ನು ಕೈಯಲ್ಲಿ ಹಿಡಿದು, "ಚಳಿಗಾಲವೆಲ್ಲ ಒಟ್ಟು ಮಾಡಿದ್ದೆ," ಎಂದಷ್ಟೇ ಅಂದು ಬದುವಿನ ಮೇಲೆ ಕೂತುಬಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿಯೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗ ಕೇಳ್ರಿ ಅಂತ ಹೇಳಿದ್ನೋ ಇಲ್ಲೋ?" ಎಂದಳು ಶಾರದೆ. ಮುಖದ ತುಂಬ ಬಿಳಿ ಪುಡಿ, ಕಣ್ಣು ಮಾತ್ರ ಕೆಂಪಗೆ.

ಇಷ್ಟಾದ ಮೇಲೂ ಭಾಷಣ ಮಾಡಲೇಬೇಕಿತ್ತು, ಆಫೀಸಿನ ಆಜ್ಞೆ. ಶಾಲೆಯ ಜಗಲಿಗೆ ಇಡೀ ಊರು ಬಂದಿತ್ತು. ಬೇರೆ ಹಳ್ಳಿಗಳಲ್ಲಿ ನಮ್ಮವರಿಗೆ ಕೇಳುಗರೇ ಸಿಕ್ಕಿರಲಿಲ್ಲವಂತೆ! ನಾನು "ಬೆಂಕಿ ಕಂಡ ಕೂಡಲೇ..." ಎಂದು ಬಾಯಿ ತೆರೆದೆನೋ ಇಲ್ಲವೋ, ನಗು ಶುರುವಾಯಿತು. ಒಬ್ಬ ಮುದುಕರು ಎದ್ದು ವಿನಯದಿಂದ ಕೇಳಿದರು, "ಸಾಹೇಬ್, ಮನೆಯಲ್ಲಿ ಒಲೆ ಹೊತ್ತಿಸಿ ಬಂದಿದ್ದೇವೆ. ನೀವು ಹೋದ ಮೇಲೆ ಅಡುಗೆ ಮಾಡಿದರೆ ನಡೆಯುತ್ತದಲ್ಲವೇ?"

ಆಮೇಲಿನ ಭಾನುವಾರಗಳು ಪ್ರಾಯಶ್ಚಿತ್ತಕ್ಕೆ ಮೀಸಲಾದವು. ನನ್ನ ಪುಡಿ ಬಿದ್ದ ಮೇಲ್ಮಣ್ಣನ್ನು ನಾನೇ ಕೆರೆದು ತೆಗೆದೆ. ಕಲ್ಯಾಣದ ಎಮ್ಮೆ ತಬೇಲಾದಲ್ಲಿ ಶಾರದೆ ಮಾತಾಡಿ ಒಣ ಸಗಣಿ ಕೊಡಿಸಿದಳು. ಅದನ್ನು ಚೀಲದಲ್ಲಿ ತುಂಬಿ, ಹೊತ್ತುಕೊಂಡು ಲೋಕಲ್ ರೈಲು ಹತ್ತಿದೆ. ಡಬ್ಬಿಯಲ್ಲಿ ಎಲ್ಲರೂ ತಾವಾಗಿ ದಾರಿ ಬಿಟ್ಟರು. ಸೆಂಟ್ರಲ್ ಲೈನಿನಲ್ಲಿ ಓಡಾಡಲು ಶುರುಮಾಡಿದ ಮೇಲೆ ಮೊಟ್ಟಮೊದಲ ಬಾರಿಗೆ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು!

ಮೋಡ ಕಾಣತೊಡಗಿದಾಗ ನಾನು ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದೆ. ಮಳೆ ಮೊದಲು ಬಂದರೆ ಎಲ್ಲ ಮುಗಿಯಿತು. ಪುಣ್ಯಕ್ಕೆ ಬರಲಿಲ್ಲ. ಕೊನೆಗೂ ಸಸಿಮಡಿಯ ಮೇಲೆ ಮತ್ತೆ ಸಗಣಿ, ಎಲೆ, ಹುಲ್ಲು ಹರಡಿದ್ದಾಯಿತು.

ಹೊತ್ತಿಸುವ ಮೊದಲು ಕಾಕಾ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿದರು. ಮಡಿಯ ಸುತ್ತ ಒಣಹುಲ್ಲು ಕೆರೆಸಿ ತೆಗೆಸಿದರು. ಕೊಡಗಳಲ್ಲಿ ನೀರು ತುಂಬಿಸಿ ಬದುವಿನ ಮೇಲೆ ಇಡಿಸಿದರು. ನಂತರ ಇನ್ನೇನು ಬಾಕಿ ಎಂದು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಿತ್ತು.

"ಸಾಹೇಬ್, ನೀವು ಅಲ್ಲಿ ದೂರ, ಆ ಮಾವಿನ ಮರದ ಕೆಳಗೆ ಕೂತಿರಿ. ಶಾರದಾತಾಯಿ, ನೀನೂ ಇವರ ಪಕ್ಕದಲ್ಲೇ ಇರು."

ಶಾರದೆ ನನ್ನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದು ಕೂತಳು. "ಎದ್ದೀರಂದ್ರ ನೋಡ್ರಿ ಮತ್ತ!"

ಬೆಂಕಿ ಮೆಲ್ಲಗೆ, ಅಚ್ಚುಕಟ್ಟಾಗಿ ಉರಿದು ಬೂದಿಯಾಯಿತು. ಕಾಕೂ ನಕ್ಕದ್ದು ಅಷ್ಟು ದೂರದಿಂದಲೂ ಕಾಣಿಸಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು, ಎದ್ದು ಹೋಗಿ ಹೇಳಲು ಮಾತ್ರ ಅನುಮತಿ ಇರಲಿಲ್ಲ.

ಸೋಮವಾರ ಮ್ಯಾನೇಜರರು ಕರೆದು, "ನಿಮ್ಮ ಹಳ್ಳಿಯವರು ಅವಘಡ ತಡೆಯೋದಕ್ಕೆ ಹೊಸದಾಗಿ ಏನಾದ್ರೂ ಕ್ರಮ ತಗೊಂಡ್ರಾ?" ಎಂದು ಕೇಳಿದರು.

"ಒಂದು ತಗೊಂಡಿದಾರೆ ಸರ್, ತುಂಬಾ ಪರಿಣಾಮಕಾರಿಯಾಗಿದೆ," ಎಂದೆ. ಆ ಕ್ರಮ ಮಾವಿನ ಮರದ ಕೆಳಗೆ ಕೂತಿತ್ತು ಎಂದು ಮಾತ್ರ ಹೇಳಲಿಲ್ಲ.