ಹೆಸರು ಪಟ್ಟಿಯಲ್ಲಿ ಇನ್ನೂರು ಮನೆ

ಮುನಿಗಂಗಪ್ಪನ ಕೈಬರಹ ಬಹಳ ಚೆನ್ನಾಗಿತ್ತು. ಅವನಿಗೆ ಬಂದ ತಾಪತ್ರಯವೆಲ್ಲ ಅದರಿಂದಲೇ ಬಂತು.

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಇರುವ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಅವನು ಗುಮಾಸ್ತ. ಊರಿನ ಹೆಸರು ಬೇಡ. ಅಲ್ಲಿಯವರು ಇದನ್ನು ಓದಿದರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಬಂದರೆ ಒಬ್ಬೊಬ್ಬರೇ ಬರುವ ಜನವಲ್ಲ. ಇದು ನಡೆದದ್ದು ಎಂಬತ್ತೇಳನೇ ಇಸವಿಯಲ್ಲಿ ಎಂದಷ್ಟೇ ಹೇಳಬಲ್ಲೆ.

ಆ ಊರಿನ ಕೆರೆಯ ಹಿಂದೆ ನೂರು ಎಕರೆ ಹಿಪ್ಪುನೇರಳೆ ತೋಟವಿದೆ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದು 'ಹಸಿರು ಪಟ್ಟಿ' ಎಂದು ಕರೆದಿದ್ದರು. ಅಂದರೆ ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಈಗ ಅದೇ ಜಾಗದಲ್ಲಿ ಇನ್ನೂರು ಮನೆಗಳ ಬಡಾವಣೆ ಮಾಡುವ ಯೋಚನೆಯಿದೆ, ಊರಿನವರ ಅಭಿಪ್ರಾಯ ಕೇಳಿ ತಿಳಿಸಿ ಎಂದು ಮೇಲಿನಿಂದ ಕಾಗದ ಬಂದಿತ್ತು. ನೂರು ಜನ ಬೇಡವೆಂದು ಬರೆದುಕೊಟ್ಟರೆ ಯೋಜನೆ ಕೈಬಿಡುತ್ತಾರೆ. ಕಾಗದ ಬಂದು ಒಂದು ತಿಂಗಳಾಗಿತ್ತು. ಅಷ್ಟೂ ದಿನ ಅದು ಮುಖ್ಯಾಧಿಕಾರಿ ವೆಂಕಟರವಣಪ್ಪನವರ ಮೇಜಿನ ಕುಂಟು ಕಾಲಿನ ಕೆಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಸೋಮವಾರ ಬೆಳಗ್ಗೆ ಕಸ ಗುಡಿಸಲು ಮೇಜು ಸರಿಸಿದಾಗ ಸಿಕ್ಕಿತು. ಬಿಡಿಸಿ ನೋಡಿದರೆ ಕಡೆಯ ದಿನ ಅವತ್ತೇ.

"ರೀ ಮುನಿಗಂಗಪ್ಪ, ತಕ್ಷಣ ಒಂದು ನೋಟೀಸು ಬರೀರಿ. ಸಂಜೆ ಐದಕ್ಕೆ ಕೋಲಾರದಿಂದ ಸಾಹೇಬರು ಬರ್ತಾರೆ" ಎಂದರು ವೆಂಕಟರವಣಪ್ಪ.

ಮುನಿಗಂಗಪ್ಪ ಕಾಗದವನ್ನು ಎರಡೆರಡು ಸಲ ಓದಿದ. ಆ ನೂರು ಎಕರೆಯಲ್ಲಿ ಒಂದು ಎಕರೆ ಅವನದು. ಖಾತೆ ಇನ್ನೂ ತೀರಿಹೋದ ತಾಯಿ ಆಂಜಿನಮ್ಮನ ಹೆಸರಿನಲ್ಲೇ ಇತ್ತು. ಒಂದೊಂದು ಕಡ್ಡಿಯನ್ನೂ ಆಕೆಯೇ ನೆಟ್ಟು ನೀರು ಹೊತ್ತಿದ್ದಳು. ಈಗ ಆ ಸೊಪ್ಪಿನಲ್ಲಿ ಅವನ ಹೆಂಡತಿ ಅನಸೂಯಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಹುಳದಿಂದ, ಸಂಬಳ ಒತ್ತಾಸೆಗೆ ಮಾತ್ರ. ಆ ತೋಟವೆಂದರೆ ಮುನಿಗಂಗಪ್ಪನಿಗೆ ಪ್ರಾಣ. ಅದು ಹೋದರೆ ತಾಯಿ ಇನ್ನೊಂದು ಸಲ ಸತ್ತಂತೆ ಎಂದು ಅವನಿಗೆ ಅನ್ನಿಸಿತು. ಆದರೆ ಪುರಸಭೆಯ ನೌಕರ ತಾನೇ ಆಕ್ಷೇಪಣೆ ಕೊಡುವಂತಿಲ್ಲ. ಊರಿನವರು ನೂರು ಜನ ಕೊಡಬೇಕು, ಅದೂ ಐದು ಗಂಟೆಯೊಳಗೆ.

ಒಂದು ಬರೆದರೆ ಹಲವು ಪ್ರತಿ ತೆಗೆಯುವ ಸೈಕ್ಲೊಸ್ಟೈಲ್ ಹಾಳೆಯನ್ನು ಮುಂದಿಟ್ಟುಕೊಂಡು ಬರೆಯಲು ಕೂತ. ಅದೇ ಹೊತ್ತಿಗೆ ಜವಾನ ಬಯ್ಯಪ್ಪ ಬಂದು ಬೀರು ಹುಡುಕತೊಡಗಿದ. ನಿವೃತ್ತಿಗೆ ಎರಡು ವರ್ಷವಿದ್ದ ಬಯ್ಯಪ್ಪನಿಗೆ ಕಣ್ಣು ಮಂಜು, ಗಂಟಲು ಮಾತ್ರ ಗಟ್ಟಿ.

"ಮತದಾರರ ಹೆಸ್ರು ಪಟ್ಟಿ ಎಲ್ಲಿಕ್ಕಿದ್ದೀರಾ ಸ್ವಾಮಿ? ಹೆಸ್ರು ಪಟ್ಟಿ? ಇಲ್ಲೇ ಇತ್ತಲ್ಲ ಹೆಸ್ರು ಪಟ್ಟಿ?"

ಅವನು ಏಳೆಂಟು ಸಲ ಹಾಗೆ ಕೇಳುವುದರೊಳಗೆ ಮುನಿಗಂಗಪ್ಪ ನೋಟೀಸು ಮುಗಿಸಿದ. ಹತ್ತು ಗಂಟೆಗೆ ಅದು ಬಸ್ ಸ್ಟ್ಯಾಂಡಿನ ಕಂಬಕ್ಕೆ, ರೇಷ್ಮೆ ಗೂಡಿನ ಮಾರುಕಟ್ಟೆಯ ಬಾಗಿಲಿಗೆ, ಎರಡು ಹೋಟೆಲಿನ ಗೋಡೆಗೆ ಅಂಟಿತು.

ಹನ್ನೊಂದಕ್ಕೆ ಪುರಸಭೆಯ ಮುಂದೆ ಸಾಲು ನಿಂತಿತ್ತು. ಕಿಟಕಿಯಿಂದ ನೋಡಿದ ಮುನಿಗಂಗಪ್ಪ ತನ್ನ ಕಣ್ಣನ್ನೇ ನಂಬಲಿಲ್ಲ. ಊರಿಗೆ ಊರೇ ತೋಟ ಉಳಿಸಲು ಬಂದಿದೆ. ಈ ಜನರನ್ನು ಇಷ್ಟು ದಿನ ಸುಮ್ಮನೆ ಬೈದುಕೊಂಡೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು.

ಸಾಲಿನ ಮೊದಲಿಗೆ ಹಾಲು ಮಾರುವ ಅಕ್ಕಯ್ಯಮ್ಮ ಇದ್ದಳು.

"ಏಮಪ್ಪಾ ಮುನಿಗಂಗಪ್ಪ, ನನ್ ಹೆಸ್ರು ಬರ್ಕೋ. ಜೊತೆಗೆ ಎಮ್ಮೇದೂ ಬರ್ಕೋ."

"ಎಮ್ಮೇದು ಯಾಕಮ್ಮ?"

"ಅದಕ್ಕೆ ಜಾಗ ಬೇಡ್ವೇನಪ್ಪ? ನಾನಿದ್ದಲ್ಲಿ ಅದಿರ್ಬೇಕು."

ಮುನಿಗಂಗಪ್ಪ ತಲೆದೂಗಿದ. ಹಸಿರಿನ ಮೇಲೆ ಈ ಮುದುಕಿಗೆ ಎಷ್ಟು ಪ್ರೀತಿ. 'ಅಕ್ಕಯ್ಯಮ್ಮ ಮತ್ತು ಎಮ್ಮೆ' ಎಂದು ಬರೆದುಕೊಂಡ. ಹೀಗೇ ಒಬ್ಬರ ಹಿಂದೊಬ್ಬರು ಬಂದರು. ಹೆಸರು ಬರೆಸಿ, ಕೈ ಮುಗಿದು, "ಮರೀಬೇಡಿ" ಎಂದು ಹೇಳಿ ಹೋದರು. ಪಟ್ಟಿ ನೂರು ದಾಟಿತು. ನೂರ ಹನ್ನೆರಡನೆಯವರು ಪಕ್ಕದ ಮನೆಯ ನೂರುಲ್ಲಾ ಸಾಹೇಬರು. ಗೂಡು ಕೊಂಡು ತಂದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಕಸುಬು ಅವರದು.

"ಮುನಿಗಂಗಪ್ಪನೋರೆ, ನಂದೊಂದು ಸಣ್ಣ ವಿಷ್ಯ. ನಮ್ದು ಮೂಲೆ ಸೈಟು ಆಗ್ಲಿ. ಆಮೇಲೆ ಬಾಗ್ಲು ಪೂರ್ವಕ್ಕೆ."

"ಯಾವ ಬಾಗ್ಲು ಸಾಹೇಬ್ರೇ?"

"ಹೊಸ ಮನೇದು. ನೀವೇ ಅಂಟ್ಸಿದ್ದೀರಲ್ಲ, ಹೆಸ್ರು ಪಟ್ಟೀಲಿ ಇನ್ನೂರು ಮನೆ ಅಂತ."

ಮುನಿಗಂಗಪ್ಪ ಎದ್ದು ಓಡಿ ಗೋಡೆಯ ನೋಟೀಸನ್ನು ಓದಿದ. 'ಊರಿನ ಹೆಸರು ಪಟ್ಟಿಯಲ್ಲಿ ಇನ್ನೂರು ಮನೆಗಳನ್ನು ಮಾಡುವ ಬಗ್ಗೆ ನಾಗರಿಕರು ಸಂಜೆ ಐದರೊಳಗೆ ಬರೆದು ಕೊಡತಕ್ಕದ್ದು' ಎಂದಿತ್ತು. ಹಕಾರಕ್ಕೆ ಇಲ್ಲದ ಎತ್ವ ಬಂದು ಕೂತಿತ್ತು, ಸಕಾರದ ಗುಡಿಸು ಹಾರಿಹೋಗಿತ್ತು. ಹಸಿರು ಹೆಸರಾಗಿತ್ತು. ನೂರ ಹನ್ನೆರಡು ಜನರೂ ಒಂದು ಎಮ್ಮೆಯೂ ಮನೆ ಬೇಕೆಂದು ಬಂದವರು.

ಒಳಗಿನಿಂದ ವೆಂಕಟರವಣಪ್ಪನವರು "ಎಷ್ಟಾಯ್ತ್ರೀ?" ಎಂದು ಕೂಗಿದರು. ಮುನಿಗಂಗಪ್ಪ ನೀರು ಕುಡಿದು, ಸ್ಟೂಲಿನ ಮೇಲೆ ಹತ್ತಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಮನೆ ಹಂಚುವುದಲ್ಲ, ಹಿಪ್ಪುನೇರಳೆ ತೋಟ ತೆಗೆದು ಬಡಾವಣೆ ಮಾಡಬಹುದೇ ಎಂದು ಕೇಳಿದ್ದಾರೆ ಅಷ್ಟೆ, ದಯವಿಟ್ಟು ಎಲ್ಲರೂ ಬೇಡ ಎಂದು ಬರೆದುಕೊಡಿ ಎಂದ.

"ಮಾಡ್ಲಿ ಬಿಡಪ್ಪ, ಒಳ್ಳೇದೇ ಅಲ್ವಾ" ಎಂದಿತು ಸಾಲು.

ನೂರುಲ್ಲಾ ಸಾಹೇಬರು ಮೆತ್ತಗೆ, "ನಮ್ಮನೇಲಿ ಹನ್ನೊಂದು ಜನ, ಎರಡೇ ರೂಮು. ಮನೆ ಬೇಡ ಅಂತ ನಾನು ಹೆಂಗೆ ಬರೀಲಿ, ನೀವೇ ಹೇಳಿ" ಎಂದರು.

ಅವರ ಮಾತು ಸುಳ್ಳಲ್ಲ ಎಂಬುದು ಮುನಿಗಂಗಪ್ಪನಿಗೂ ಗೊತ್ತಿತ್ತು. ಆದರೆ ತೋಟ ಕಣ್ಣ ಮುಂದೆ ಬಂತು. ಸಾಹೇಬರನ್ನು ಪಕ್ಕಕ್ಕೆ ಕರೆದ.

"ಬಡಾವಣೆಗೆ ಬರೋರು ಯಾರು? ಬ್ಯಾಂಕಿನೋರು, ಮೇಷ್ಟ್ರುಗಳು. ನಿಮ್ ಕೊಟ್ಟಿಗೆ ವಾಸ್ನೆಗೆ ಮೂಗು ಮುಚ್ಕೊಂಡು ಮೊದ್ಲು ಅರ್ಜಿ ಹಾಕೋದು ನಿಮ್ಮ ಮೇಲೇನೇ. ತೋಟ ಹೋದ್ಮೇಲೆ ಗೂಡು ಎಲ್ಲಿಂದ ತರ್ತೀರಾ?"

ಸಾಹೇಬರು ಗಡ್ಡ ಸವರಿಕೊಂಡರು. "ಅದೂ ಸರೀನೆ. ಬೇಡ ಅಂತ ಬರೀರಿ. ಆದ್ರೆ ಮನೆ ಇಲ್ಲಾಂದ್ರೂ ಮಕ್ಕಳು ಆಡೋಕೆ ಒಂದು ಜೋಕಾಲಿ ಆಗ್ಬೇಕು. ಅದನ್ನೂ ಸೇರ್ಸಿ."

ಮುನಿಗಂಗಪ್ಪ ಸೇರಿಸಿದ. ಅಕ್ಕಯ್ಯಮ್ಮನಿಗೆ, ಬಡಾವಣೆ ಬಂದರೆ ಎಮ್ಮೆ ಎಲ್ಲಿ ಮೇಯುತ್ತದೆ ಎಂದು ಕೇಳಿದ್ದೇ ಸಾಕಾಯಿತು. ಆದರೆ ಎಮ್ಮೆ ಮೇಯುವಾಗ ತನಗೆ ನಿಂತೂ ನಿಂತೂ ಮೊಣಕಾಲು ಹಿಡಿಯುತ್ತದೆ, ಕೂರಲು ಎರಡು ಕಲ್ಲು ಬೆಂಚು ಬರೆದರೆ ಮಾತ್ರ ಹೆಬ್ಬೆಟ್ಟು ಎಂದಳು. ಅದನ್ನೂ ಬರೆದ.

ಜಗ್ಗದವನೆಂದರೆ ಗಾರೆ ಕೆಲಸದ ರಾಮಾಂಜಿನಪ್ಪ. ಅವನ ಹಿಂದೆ ನಲವತ್ತು ಜನ ಆಳುಗಳಿದ್ದರು.

"ಇನ್ನೂರು ಮನೆ ಕೆಲ್ಸ ಬೇಡ ಅಂತ ರುಜು ಹಾಕಕ್ಕೆ ನನಗೇನು ಹುಚ್ಚಾ?"

"ಮನೆ ಕಟ್ಟೋರು ಬೆಂಗಳೂರಿಂದ ಆಳು ತರ್ತಾರೆ ಕಣಪ್ಪ. ನಿನ್ನ ಯಾರು ಕರೀತಾರೆ?"

ರಾಮಾಂಜಿನಪ್ಪ ಯೋಚಿಸಿದ. "ಹಂಗಾದ್ರೆ ಸುತ್ತ ಒಂದು ಗೋಡೆ ಅಂತ ಬರೀರಿ. ಊರಿನ ಆಳೇ ಕಟ್ಬೇಕು ಅಂತಾನೂ ಬರೀರಿ."

ಸುದ್ದಿ ಹಬ್ಬಿದ ಮೇಲೆ ಬಂದವರೆಲ್ಲ ಒಂದೊಂದು ಕೇಳಿದರು. ಒಬ್ಬನಿಗೆ ನಲ್ಲಿ ಬೇಕು, ಒಬ್ಬನಿಗೆ ದೀಪದ ಕಂಬ, ಇನ್ನೊಬ್ಬನಿಗೆ ರೇಡಿಯೊ ಕೇಳಲು ಕಟ್ಟೆ. ಮುನಿಗಂಗಪ್ಪ ಯಾವುದಕ್ಕೂ ಇಲ್ಲವೆನ್ನಲಿಲ್ಲ. ಮೇಲಿನವರು ಎಂದಾದರೂ ಜನ ಕೇಳಿದ್ದನ್ನು ಕೊಟ್ಟದ್ದುಂಟೇ, ಬರೆಯುವುದಕ್ಕೇನು ಎಂಬ ಧೈರ್ಯ ಅವನದು. ಎಲ್ಲ ಒಂದೇ ಕೈಬರಹ ಎಂದು ಕೋಲಾರದ ಸಾಹೇಬರಿಗೆ ಅನುಮಾನ ಬರಬಾರದೆಂದು ಕೆಲವನ್ನು ಬಲಕ್ಕೆ ವಾಲಿಸಿ ಬರೆದ, ಕೆಲವನ್ನು ಎಡಕ್ಕೆ, ಮೂವತ್ತನ್ನು ಎಡಗೈಯಲ್ಲಿ. ಮೂರು ಗಂಟೆಗೆ ಅನಸೂಯಮ್ಮ ಊಟ ತಂದಾಗ ಅವನಿಗೆ ತುತ್ತು ಎತ್ತಲೂ ಕೈ ಬರಲಿಲ್ಲ.

"ಹುಳ ನಾಲ್ಕನೇ ಜ್ವರ ಎದ್ದವೆ ಕಣ್ರೀ, ಪೊರೆ ಕಳಚಿ ಮುಕ್ಕೋಕೆ ಶುರು ಮಾಡ್ತವೆ. ಸಂಜೆ ಸೊಪ್ಪಿಗೆ ಹೋಗಣ, ಬೇಗ ಬನ್ನಿ" ಎಂದಳು ಅವಳು.

"ಇನ್ನು ನೂರು ವರ್ಷ ಸೊಪ್ಪಿಗೆ ಯೋಚ್ನೆ ಇಲ್ಲ ಕಣೇ" ಎಂದ ಮುನಿಗಂಗಪ್ಪ.

ಐದಕ್ಕೆ ಹತ್ತು ನಿಮಿಷವಿದ್ದಾಗ ಜೀಪು ಬಂತು. ಕೋಲಾರದ ಸಾಹೇಬರು ನೂರ ಎಂಬತ್ತಾರು ಆಕ್ಷೇಪಣೆಗಳನ್ನು ತಿರುವಿ ಹಾಕಿದರು. ಕಿಟಕಿಯಲ್ಲಿ ಊರೆಲ್ಲ ಇಣುಕುತ್ತಿತ್ತು.

"ಇಷ್ಟು ಜಾಗೃತ ಜನಾನ ನಾನು ಎಲ್ಲೂ ನೋಡಿಲ್ಲ. ಬಡಾವಣೆ ಕೈಬಿಡಿ ಅಂತ ಬರೀತೀನಿ" ಎಂದರು.

ಜನ ಚಪ್ಪಾಳೆ ತಟ್ಟಿದರು. ಮುನಿಗಂಗಪ್ಪ ಕಣ್ಣು ಮುಚ್ಚಿ ತಾಯಿಯನ್ನು ನೆನೆದ. ಇಡೀ ದಿನದಲ್ಲಿ ಅವನು ಸುಖವಾಗಿದ್ದದ್ದು ಆ ಅರ್ಧ ನಿಮಿಷ.

"ಬರೀ ಬೇಡ ಅಂದಿಲ್ಲ, ಏನು ಬೇಕು ಅಂತಾನೂ ಹೇಳಿದ್ದಾರೆ ನೋಡ್ರಿ" ಎಂದು ಸಾಹೇಬರು ಮುಂದುವರಿಸಿದರು. "ಗೋಡೆ, ಬೆಂಚು, ಜೋಕಾಲಿ, ನಲ್ಲಿ, ದೀಪ. ಇದಕ್ಕೆ ಏನಂತಾರೆ?"

"ಪಾರ್ಕು ಅಂತಾರೆ ಸಾರ್" ಎಂದರು ವೆಂಕಟರವಣಪ್ಪ.

"ಪಾರ್ಕಿಗೆ ನಮ್ಮಲ್ಲಿ ಬೇರೆ ಅನುದಾನ ಇದೆ. ವರ್ಷ ಮುಗಿಯೋದ್ರೊಳಗೆ ಖರ್ಚಾಗ್ಬೇಕು. ನೂರು ಎಕರೆ ಬೇಡ, ಒಂದು ಎಕರೆ ಸಾಕು. ಊರಿಗೆ ಹತ್ತಿರ ಇರೋದು." ಅವರ ಬೆರಳು ನಕ್ಷೆಯ ಮೇಲೆ ಸುತ್ತಾಡಿ ಒಂದು ಕಡೆ ನಿಂತಿತು. "ಇದು ಚೆನ್ನಾಗಿದೆ. ಯಾರ್ರೀ ಈ ಆಂಜಿನಮ್ಮ?"

"ತೀರ್ಕೊಂಡ್ರು ಸಾರ್, ಪುಣ್ಯಾತ್ಗಿತ್ತಿ" ಎಂದ ಬಯ್ಯಪ್ಪ.

"ಹಾಗಾದ್ರೆ ತಕರಾರು ಇರಲ್ಲ. ಇದನ್ನೇ ತಗೊಳ್ಳೋಣ."

"ಸಾರ್, ಆ ಜಾಗ ನಮ್ಮ..." ಎಂದು ಮುನಿಗಂಗಪ್ಪ ಎದ್ದ.

ಸಾಹೇಬರು ಗಡಿಯಾರ ನೋಡಿದರು. "ಆಕ್ಷೇಪಣೆ ಇದ್ರೆ ಐದರೊಳಗೆ ಬರ್ಬೇಕಿತ್ತು, ಈಗ ಐದೂ ಹತ್ತು. ಅಲ್ದೆ ನೀವು ನೌಕರರು." ಆಮೇಲೆ ಮುಖ್ಯಾಧಿಕಾರಿಗಳ ಕಡೆ ತಿರುಗಿ, "ಭೂಮಿ ಕೈಗೆ ಬರೋಕೆ ಆರು ತಿಂಗಳು ಹಿಡಿಯುತ್ತೆ. ಅಷ್ಟರಲ್ಲಿ ಯಾರಾದ್ರೂ ಗಿಡ ಬೋಳಿಸ್ತಾರೆ. ಬೋರ್ಡು ಮಾತ್ರ ಇವತ್ತೇ ನಿಲ್ಲಿಸಿ. ಚೆನ್ನಾಗಿ ಬರೆಯೋರು ಯಾರಿದ್ದಾರೆ?" ಎಂದು ಕೇಳಿದರು.

ಒಳಗಿದ್ದವರೂ ಕಿಟಕಿಯಲ್ಲಿದ್ದವರೂ ಒಟ್ಟಿಗೆ ಮುನಿಗಂಗಪ್ಪನ ಕಡೆ ಕೈ ತೋರಿಸಿದರು. ನೂರುಲ್ಲಾ ಸಾಹೇಬರು ಹೆಮ್ಮೆಯಿಂದ ಬೆನ್ನು ತಟ್ಟಿದರು.

ಹೊತ್ತು ಮುಳುಗುವ ಸಮಯಕ್ಕೆ ಅನಸೂಯಮ್ಮ ಕುಡುಗೋಲು, ಮಂಕರಿ ಹಿಡಿದು ತೋಟಕ್ಕೆ ಬಂದಳು. ಬದುವಿನ ಮೇಲೆ ಹೊಸ ಬೋರ್ಡು ನಿಂತಿತ್ತು, ಪಕ್ಕದಲ್ಲಿ ಗಂಡ ನಿಂತಿದ್ದ. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. 'ಸಾರ್ವಜನಿಕ ಉದ್ಯಾನವನ. ಇಲ್ಲಿ ಸೊಪ್ಪು ಕೀಳುವವರಿಗೆ ಶಿಕ್ಷೆಯಾಗುತ್ತದೆ.'

"ಯಾವನ್ರೀ ಇದನ್ನ ಬರ್ದೋನು, ಅವನ ಕೈ ಸೇದೋಗ" ಎಂದಳು ಅನಸೂಯಮ್ಮ.

ಮುನಿಗಂಗಪ್ಪ ಬಣ್ಣದ ಕುಂಚವಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.