ಬಾಗಿಲ ಮುಂದಿನ ಇಪ್ಪತ್ತು ಬೈಠಕ್

ಐವತ್ತು ದಾಟಿದ ಗಂಡಸು ‘ನನಗೆ ಗೆಳೆಯರು ಬೇಕು’ ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಮೊಣಕಾಲು ಹಿಡಿಯುತ್ತದೆ ಎನ್ನುತ್ತಾನೆ, ಶುಗರ್ ಇದೆ ಎನ್ನುತ್ತಾನೆ, ಡಾಕ್ಟರು ಬೆಳಗಿನ ವ್ಯಾಯಾಮ ಹೇಳಿದ್ದಾರೆ ಎನ್ನುತ್ತಾನೆ. ನಾನೂ ಹಾಗೆಯೇ ಹೇಳಿಕೊಂಡು ಬೈಲಹೊಂಗಲದ ಶಾಲಾ ಮೈದಾನಕ್ಕೆ ಕಾಲಿಟ್ಟವನು. ನಿಜ ಹೇಳಬೇಕೆಂದರೆ ನನ್ನ ಶುಗರ್ ಸರಿಯಾಗಿಯೇ ಇತ್ತು. ಕಟಕೋಳದ ಹೈಸ್ಕೂಲಿನಿಂದ ವರ್ಗವಾಗಿ ಈ ಊರಿಗೆ ಬಂದು ಎರಡು ವರ್ಷ ಕಳೆದಿದ್ದರೂ ನಮ್ಮ ಮನೆಯ ಗೇಟು ತೆಗೆದು ಒಳಗೆ ಬರುತ್ತಿದ್ದವರು ಹಾಲಿನವನು ಮತ್ತು ಗಣಿತದಲ್ಲಿ ಫೇಲಾದ ಹುಡುಗರ ಅಪ್ಪಂದಿರು ಮಾತ್ರ. ಅವರಲ್ಲಿ ನಗುತ್ತಾ ಬರುತ್ತಿದ್ದವನು ಹಾಲಿನವನೊಬ್ಬನೇ.

ನನ್ನನ್ನು ಮೈದಾನಕ್ಕೆ ಎಳೆದವರು ಬೀಜ-ಗೊಬ್ಬರದ ಅಂಗಡಿಯ ಚನ್ನಬಸಣ್ಣ. ನಾನು ಸಂಜೆ ಒಬ್ಬನೇ ಕೈಬೀಸಿಕೊಂಡು ನಡೆಯುವುದನ್ನು ಅಂಗಡಿಯ ಕಟ್ಟೆಯ ಮೇಲಿಂದ ನೋಡುತ್ತಿದ್ದ ಆ ಪುಣ್ಯಾತ್ಮರು ಒಂದು ದಿನ ತಡೆದು ನಿಲ್ಲಿಸಿದರು. “ಸರ, ಒಬ್ರ ನಡದ್ರ ಹೊಟ್ಟಿ ಕರಗಂಗಿಲ್ರಿ, ಬರೇ ಚಪ್ಪಲಿ ಸವೀತಾವ. ನಾಳೆ ಮುಂಜಾನಿ ಐದೂವರಿಗೆ ಗ್ರೌಂಡಿಗೆ ಬರ್ರಿ.”

ಹೋದೆ. ಆರು ಜನರಿದ್ದರು, ನನ್ನನ್ನು ಸೇರಿಸಿ ಏಳು. ಒಬ್ಬರು ಮಂಕಿ ಕ್ಯಾಪಿನಲ್ಲಿ, ಇನ್ನೊಬ್ಬರು ಮಗನ ಕಾಲೇಜಿನ ಟೀ ಶರ್ಟಿನಲ್ಲಿ. ಎಲ್ಲರಿಗಿಂತ ಹಿರಿಯರಾದ ಗೌಡರು ಧೋತರದ ಕಚ್ಚೆ ಬಿಗಿದುಕೊಂಡು ಪೈಲ್ವಾನರಂತೆ ನಿಂತಿದ್ದರು. ನಮಗೆಲ್ಲ ಕವಾಯತು ಮಾಡಿಸುವವನು ಸಿದ್ಧಾರ್ಥ, ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಗುಂಪಿನಲ್ಲಿ ಹೊಟ್ಟೆ ಇಲ್ಲದವನು ಅವನೊಬ್ಬನೇ ಆದ್ದರಿಂದ ಆ ಪಟ್ಟ ತಾನಾಗಿಯೇ ಅವನಿಗೆ ಸಿಕ್ಕಿತ್ತು. ಮೊದಲ ದಿನ ಏಳನೆಯ ಬೈಠಕ್ಕಿಗೆ ಕೆಳಗೆ ಕುಳಿತ ನಾನು ಅಲ್ಲಿಯೇ ಇದ್ದುಬಿಟ್ಟೆ. ಸಿದ್ಧಾರ್ಥ ಬಂದು ರಟ್ಟೆ ಹಿಡಿದು ಎತ್ತಿದ. “ಸರ, ಕುಂಡ್ರೂದು ಬರೇ ಅರ್ಧ ಆತ್ರಿ. ಏಳೂದು ಇನ್ನರ್ಧ ಐತಿ.” ಏಳು ಗಂಡಸರೂ ಒಟ್ಟಿಗೆ ನಕ್ಕೆವು. ರಾಮದುರ್ಗದ ಶಾಲೆಯಲ್ಲಿ ಓದುವಾಗ ಡ್ರಿಲ್ ಪೀರಿಯಡ್ ಬಂದರೆ ನೀರಿನ ಟಾಂಕಿಯ ಹಿಂದೆ ಅಡಗಿ ಕೂರುತ್ತಿದ್ದ ನಾನು, ಬೆಳಗಿನ ಆ ಹೊತ್ತಿನಲ್ಲಿ ಮೈಯೆಲ್ಲ ಧೂಳು ಮಾಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆ. ಎಷ್ಟು ಖುಷಿಯಾಗಿತ್ತೆಂದರೆ ಮರುದಿನದಿಂದ ಅಲಾರಾಂ ಹೊಡೆಯುವ ಮೊದಲೇ ಎದ್ದು ಅದು ಹೊಡೆಯಲೆಂದು ಕಾಯತೊಡಗಿದೆ. “ನಮ್ಮ ಮದುವಿ ದಿವಸನೂ ನೀವು ಇಷ್ಟು ಲಗೂ ಎದ್ದಿರಲಿಲ್ಲ” ಎಂದಳು ಹೆಂಡತಿ ಕಸ್ತೂರಿ.

ಈ ಗುಂಪಿಗೆ ಇದ್ದದ್ದು ಒಂದೇ ನೇಮ. ಯಾರಾದರೂ ತಪ್ಪಿಸಿದರೆ ಬಂದವರೆಲ್ಲ ಅವರ ಮನೆಗೆ ಹೋಗಿ, ಬಾಗಿಲ ಮುಂದೆ ಸಾಲಾಗಿ ನಿಂತು, ಓಣಿಯೆಲ್ಲ ಏಳುವಂತೆ ಎಣಿಸುತ್ತ ಇಪ್ಪತ್ತು ಬೈಠಕ್ ಹೊಡೆಯಬೇಕು. ಮನೆಯವರು ಚಹಾ ಕೊಡಬೇಕು. ಸೋಮಾರಿಗಳ ಮಾನ ಕಳೆಯಲೆಂದೇ ಮಾಡಿದ ನೇಮವಿದು. ಆದರೆ ಕಳೆದ ತಿಂಗಳು ಚನ್ನಬಸಣ್ಣ ಅದನ್ನು ಕೆಡಿಸಿಬಿಟ್ಟರು. ಕಿತ್ತೂರಿನ ಮದುವೆಯೊಂದರಲ್ಲಿ ಓಡಾಡಿ ದಣಿದು ಬೆಳಗ್ಗೆ ಮಲಗಿಬಿಟ್ಟಿದ್ದ ಅವರ ಮನೆಗೆ ನಾವು ಆರೂ ಜನ ನುಗ್ಗಿದೆವು. ಅಕ್ಕಪಕ್ಕದವರು ಮಾಳಿಗೆ ಏರಿ ನೋಡಿದರು. ಚನ್ನಬಸಣ್ಣನ ಹೆಂಡತಿ ಚಹಾದ ಜೊತೆಗೆ ಚುರುಮುರಿ ಸುಸಲಾ ಮಾಡಿ ಬಡಿಸಿದರು. ಚನ್ನಬಸಣ್ಣನಿಗೆ ನಾಚಿಕೆಯಾಯಿತೇ? ಇಡೀ ದಿನ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ. “ನಾ ಒಂದ ದಿವಸ ಹೋಗಲಿಲ್ಲಂದ್ರ ಅವರಿಗೆ ಬೆಳಕ ಹರಿಯಂಗಿಲ್ರಿ. ಮನೀತನಕ ಬಂದಬಿಟ್ರು ನೋಡ್ರಿ!”

ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು, ಸುಳ್ಳು ಹೇಳುವುದಿಲ್ಲ. ನಾನು ಹೋಗದಿದ್ದರೆ ಇವರು ಬರುತ್ತಾರೆಯೇ? ಅಥವಾ ಮಾಸ್ತರರು ಬರದಿದ್ದರೆ ಅಷ್ಟೇ ಹೋಯಿತು ಎಂದುಕೊಳ್ಳುತ್ತಾರೆಯೇ? ಅಂದು ರಾತ್ರಿ ಊಟಕ್ಕೆ ಕುಳಿತಾಗಲೂ ಅದೇ ಯೋಚನೆ. ನಾಳೆ ತಪ್ಪಿಸಿ ನೋಡಿಯೇ ಬಿಡೋಣವೆಂದು ನಿರ್ಧರಿಸಿದೆ.

ಬೆಳಗ್ಗೆ ಐದಕ್ಕೇ ಎದ್ದು ಮುಖ ತೊಳೆದು, ತಲೆ ಬಾಚಿ, ಆಗತಾನೇ ಎದ್ದವನಂತೆ ಕಾಣಲೆಂದು ಬಾಚಿದ್ದನ್ನು ಮತ್ತೆ ಕೆದರಿಕೊಂಡೆ. ಚಹಾದ ಕಪ್ಪು-ಬಸಿಗಳನ್ನು ಹೊಂದಿಸಿ ಕಿಟಕಿಯ ಪಕ್ಕ ಕುಳಿತೆ. ಐದೂವರೆಯಾಯಿತು. ಗೇಟು ಸದ್ದಾಯಿತು, ಹಾಲಿನವನು. ಆರಾಯಿತು. ಆರೂ ಕಾಲಾದರೂ ಒಂದು ನರಪಿಳ್ಳೆಯ ಸುಳಿವಿಲ್ಲ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಳುವೇ ಬಂದಂತಾಯಿತು. ಇಷ್ಟು ತಿಂಗಳು ಒಟ್ಟಿಗೆ ನಕ್ಕದ್ದೆಲ್ಲ ಬರೀ ಬಾಯಿಮಾತೇ? ಇದ್ದದ್ದನ್ನು ಇದ್ದ ಹಾಗೆ ಕೇಳಿಬಿಡಬೇಕೆಂದು ಚಪ್ಪಲಿ ಮೆಟ್ಟಿ ದಾಪುಗಾಲು ಹಾಕಿಕೊಂಡು ಮೈದಾನಕ್ಕೆ ಹೋದೆ.

ಮೈದಾನ ಖಾಲಿ! ಏನೂ ತಿಳಿಯದೆ ನಿಂತಿರುವಾಗಲೇ ಗೌಡರು ಮುಖ ಗಂಟಿಕ್ಕಿಕೊಂಡು ಬಂದರು. ಹಿಂದೆಯೇ ಸಿದ್ಧಾರ್ಥ, ಅವನ ಹಿಂದೆ ಉಳಿದವರು, ಕೊನೆಗೆ ಚನ್ನಬಸಣ್ಣ. ಎಲ್ಲರ ಮುಖವೂ ನನ್ನ ಮುಖದಂತೆಯೇ ಇತ್ತು. “ನಮ್ಮ ಮನೀಗೆ ಯಾಕ ಬರಲಿಲ್ಲ?” ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಒಬ್ಬರ ಮೇಲೊಬ್ಬರು ಏರಿಹೋದಾಗ ಗುಟ್ಟು ಬಯಲಾಯಿತು. ಸುಸಲಾ ತಿಂದು ಬಂದ ಪ್ರತಿಯೊಬ್ಬರಿಗೂ ಅದೇ ಆಸೆ ಹುಟ್ಟಿತ್ತು. ಗೌಡರ ಮನೆಯಲ್ಲಿ ಭಜಿಗೆ ಹಿಟ್ಟು ಕಲಸಿಟ್ಟಿದ್ದರು. ಸಿದ್ಧಾರ್ಥನ ತಾಯಿ ಮಗನ ಗೆಳೆಯರನ್ನು ನೋಡಲೆಂದೇ ಸವದತ್ತಿಯಿಂದ ಬಂದಿದ್ದರು. ಚನ್ನಬಸಣ್ಣ ಒಂದು ಸಲದ ಮೆರವಣಿಗೆ ಸಾಲದೆಂದು ಎರಡನೆಯ ದಿನವೂ ಮಲಗಿದ್ದರು. ಎಲ್ಲರೂ ಒಂದೇ ದಿನ ಮನೆಯಲ್ಲಿ ಕುಳಿತು ಎಲ್ಲರ ದಾರಿ ಕಾದಿದ್ದರು.

ಆಗ ಗೌಡರು ನನ್ನ ಕಡೆ ತಿರುಗಿದರು. “ಸರ, ನೀವು ಎಷ್ಟೊತ್ತಿಗೆ ಬಂದ್ರಿ?”

ಆ ಕ್ಷಣದಲ್ಲಿ ನಿಜ ಹೇಳಿಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಬೋಧಿಸಿದ ನಾಲಿಗೆ ಸುಮ್ಮನಿರುತ್ತದೆಯೇ? “ಐದೂವರೆಯಿಂದ ಒಬ್ಬನೇ ನಿಂತಿದ್ದೇನೆ” ಎಂದೆ, ಗಂಭೀರವಾಗಿ. ಆರೂ ಜನ ತಲೆತಗ್ಗಿಸಿದರು. ನನಗೆ ಒಳಗೊಳಗೇ ಹಿಗ್ಗು.

ಸಿದ್ಧಾರ್ಥ ಮೆಲ್ಲಗೆ ತಲೆ ಎತ್ತಿದ. ಕಂಬ ಹತ್ತುವವನಲ್ಲವೇ, ನೇಮ ತಪ್ಪಿದರೆ ಏನಾಗುತ್ತದೆಂದು ಬಲ್ಲವನು; ನೇಮ ಎಂದರೆ ನೇಮ. “ಹಂಗಾದ್ರ ಸರ, ಬಂದವರು ಬರದವರ ಮನಿ ಮುಂದ ಇಪ್ಪತ್ತ ಬೈಠಕ್ ಹೊಡಿಬೇಕ್ರಿ. ಬಂದವರು ನೀವೊಬ್ರ. ನಡೀರಿ, ಎಣಸಾಕ ನಾವು ಬರತೇವಿ.”

ಆರು ಮನೆ, ಇಪ್ಪತ್ತರಂತೆ ನೂರಿಪ್ಪತ್ತು. ಗಣಿತ ಕಲಿಸುವ ನನಗೆ ಗುಣಾಕಾರವೊಂದು ಇಷ್ಟು ಭಯ ಹುಟ್ಟಿಸಿದ್ದು ಅದೇ ಮೊದಲು. ಆದರೂ ‘ನಿಮಗಾಗಿ ಕಿಟಕಿಯಲ್ಲಿ ಕಾದು ಕುಳಿತಿದ್ದೆ’ ಎಂದು ಹೇಳುವುದಕ್ಕಿಂತ ಅದೇ ಮೇಲೆನಿಸಿತು. ಹೊಡೆದೆ. ಗೌಡರ ಮನೆಯ ಮುಂದೆ ಭಜಿಯ ವಾಸನೆಯ ಬಲದ ಮೇಲೆ ಹೇಗೋ ಇಪ್ಪತ್ತು ಮುಗಿಯಿತು. ಸಿದ್ಧಾರ್ಥನ ತಾಯಿ “ಪಾಪ, ಹಿರೇ ಮನಶಾ, ಬಿಡ್ರೋ” ಎಂದರೂ ಯಾರೂ ಬಿಡಲಿಲ್ಲ. ಆರನೆಯ ಮನೆಯ ಹೊತ್ತಿಗೆ ನನ್ನ ಕಾಲುಗಳು ನನ್ನವಾಗಿ ಉಳಿದಿರಲಿಲ್ಲ. ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ನಮ್ಮ ಓಣಿಗೆ ಬಂದೆ.

ಗೇಟಿನಲ್ಲಿ ಕಸ್ತೂರಿ ನಿಂತಿದ್ದಳು. ಅವರನ್ನು ಕಂಡವಳೇ, “ಈಗ ಬಂದ್ರೇನ್ರಿ ಅಣ್ಣಾರ? ನಮ್ಮವರು ಐದಕ್ಕ ಎದ್ದು ಕಪ್ಪು-ಬಸಿ ಹೊಂದಿಸಿ, ಆರೂ ಕಾಲತನಕ ಕಿಡಕ್ಯಾಗ ಕುಂತು ನಿಮ್ಮ ಹಾದೀನ ನೋಡಾಕತ್ತಿದ್ರು” ಎಂದಳು.

ಚನ್ನಬಸಣ್ಣ ನಕ್ಕ ನಗೆಗೆ ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದವರು ಮಾಳಿಗೆ ಏರಿದರು. ಸಿದ್ಧಾರ್ಥ ನನ್ನ ಕೈಯನ್ನು ತನ್ನ ಹೆಗಲಿನಿಂದ ಗೌರವದಿಂದಲೇ ಇಳಿಸಿ, “ಹಂಗಾದ್ರ ಬಂದವರೂ ನೀವ, ಬರದವರೂ ನೀವ. ಇದು ಏಳನೇ ಮನಿ ಆತ್ರಿ ಸರ” ಎಂದ.

ನನ್ನ ಮನೆಯ ಬಾಗಿಲ ಮುಂದೆ ಇಪ್ಪತ್ತು ಬೈಠಕ್ ಆಗಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ, ಅದು ಓಣಿಗೆ ಓಣಿಯೇ ನೋಡುವಂತೆ ನೆರವೇರಿತು. ಆರು ಗೆಳೆಯರು ಗೇಟಿನೊಳಗೆ ಬಂದು, ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ನಮ್ಮ ಕಪ್ಪಿನಲ್ಲಿ ಚಹಾ ಕುಡಿಯುತ್ತಾ, ಗಂಟಲು ಹರಿಯುವಂತೆ ಎಣಿಸಿದರು. ಹೊಡೆದವನು ಮಾತ್ರ ನಾನೇ.