ಔಷಧಿ ಹೊಡೆಯುವ ವಿಮಾನವೂ ಊರ ತುಂಬ ತಜ್ಞರೂ

ಬೆಳೆಗಳ ಮೇಲೆ ಔಷಧಿ ಹೊಡೆಯುವ ಪುಟ್ಟ ವಿಮಾನ ಓಡಿಸುವುದು ನನ್ನ ಕೆಲಸ. ಹಲಸೂರಿನಲ್ಲಿದ್ದುಕೊಂಡು ಇದನ್ನು ನಾಲ್ಕು ಜನರಿಗೆ ಹೇಳಿಕೊಂಡವನಿಗೆ ದಿನಕ್ಕೊಂದು ಪ್ರಸಂಗ ಕಟ್ಟಿಟ್ಟ ಬುತ್ತಿ. ಆದರೆ ಕಳೆದ ವರ್ಷ ಎಂಜಿನ್ ಕೈಕೊಟ್ಟ ಮೇಲೆ ನನಗೆ ಆದ ಅನ್ಯಾಯ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊಲದ ಯಜಮಾನರು

ಕೆ.ಆರ್. ಪುರಂ ದಾಟಿ ಬಹಳ ದೂರ ಹೋದರೆ ನಮ್ಮ ಕಂಪನಿಯ ರನ್‌ವೇ ಸಿಗುತ್ತದೆ. ಅವತ್ತು ಟ್ಯಾಂಕ್ ತುಂಬ ಔಷಧಿ ಹೊತ್ತ ವಿಮಾನ ಆಗಷ್ಟೇ ನೆಲ ಬಿಟ್ಟಿತ್ತು. ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ಶಕ್ತಿಯೇ ಇಲ್ಲ. ಅಂಥ ಹೊತ್ತಿನಲ್ಲಿ ಹಿಂದಕ್ಕೆ ತಿರುಗಿಸಿದರೆ ಸಾವೇ ಗತಿ. ಎದುರಿಗೆ ಏನಿದೆಯೋ ಅಲ್ಲೇ ಇಳಿಯಬೇಕು. ಲಿವರ್ ಎಳೆದು ಔಷಧಿಯನ್ನೆಲ್ಲ ಒಂದೇ ಸಲ ಕೆಳಗೆ ಸುರಿದೆ, ಭಾರ ಇಳಿಯಿತು, ಬೇಲಿಯಾಚೆಯ ರಾಗಿ ಹೊಲದಲ್ಲಿ ಇಳಿಸಿದೆ. ಚಕ್ರ ಮುರಿಯಿತು, ನಾನು ಉಳಿದೆ.

ಹೊಲದ ಯಜಮಾನರು ಓಡಿ ಬಂದರು. ಪಾಪ, ನೀರು ಕೊಡುತ್ತಾರೆ ಅಂದುಕೊಂಡೆ.

"ಏನ್ ಸ್ವಾಮಿ, ಬಿದ್ದು ಹಾಳ್ಮಾಡೋಕೆ ನನ್ ಹೊಲ, ಔಷಧಿ ಸುರಿಯೋಕೆ ಮಾತ್ರ ನಮ್ ದಾಯಾದಿ ಹೊಲಾನಾ?"

ಧಕ್ಕಾ

ತನಿಖೆ ಮುಗಿಯುವವರೆಗೆ ಹಾರುವಂತಿಲ್ಲ ಎಂದು ಕಂಪನಿ ನನ್ನನ್ನು ಮನೆಯಲ್ಲಿ ಕೂರಿಸಿತು. ತಪ್ಪು ನನ್ನದೆಂದು ಬಂದರೆ ಕೆಲಸ ಹೋದ ಹಾಗೆಯೇ. ನನಗೆ ಬೇರೆ ಕೆಲಸ ಬರುವುದೂ ಇಲ್ಲ. ಈ ಸಂಕಟದಲ್ಲೇ ಸ್ಕೂಟರ್ ರಿಪೇರಿಗೆಂದು ಶಿವಾಜಿನಗರಕ್ಕೆ ಹೋದೆ. ಹಳೇ ಪರಿಚಯದ ಮೆಕ್ಯಾನಿಕ್ ಭಾಯಿ ಕಥೆಯೆಲ್ಲ ಕೇಳಿ ತಲೆಯಾಡಿಸಿದರು.

"ಸಾಬ್, ನೀವು ಗಾಬ್ರಿ ಆಗ್ಬಿಟ್ರಿ. ಸೆಕೆಂಡ್ ಗೇರ್‌ಗೆ ಹಾಕಿ, ಇಬ್ರನ್ನ ಕರೆದು ಧಕ್ಕಾ ಕೊಡಿಸ್ಬೇಕಿತ್ತು."

"ಭಾಯ್, ಆಕಾಶದಲ್ಲಿ ಯಾರನ್ನ ಕರೀಲಿ?"

"ಅದೇ ನಿಮ್ ತಪ್ಪು. ಒಬ್ರೇ ಯಾಕೆ ಹೋದ್ರಿ?"

ಯೂ-ಟರ್ನ್

ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರ್. ಸಂಜೆ ಗೇಟಿನ ಹತ್ತಿರ ಹಿಡಿದುಕೊಂಡು, "ಅಲ್ಲಾ ರೀ, ಸ್ವಲ್ಪ ನೋಡ್ಕೊಂಡು ಯೂ-ಟರ್ನ್ ಹೊಡ್ದಿದ್ರೆ ರನ್‌ವೇಲೇ ಇಳೀಬಹುದಿತ್ತಲ್ಲ?" ಎಂದರು. ಎಂಜಿನ್ ಸತ್ತಾಗ ತಿರುಗಿಸಬಾರದು, ಅದು ನಮ್ಮ ಮೊದಲ ಪಾಠ ಎಂದು ಗಂಟಲು ಹರಿಯುವ ಹಾಗೆ ವಿವರಿಸಿದೆ. ಅವರು ಇನ್ನೇನು ಒಪ್ಪಿಯೇ ಬಿಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು.

"ಅಯ್ಯೋ ಬಿಡಿ ಅಂಕಲ್, ಇವ್ರು ಕಾರಲ್ಲೂ ಹಂಗೇ. ದಾರಿ ತಪ್ಪಿದ್ರೂ ತಿರುಗ್ಸಲ್ಲ. ಬೆನ್ಸನ್ ಟೌನಿಗೆ ಮದುವೆಗೆ ಅಂತ ಹೊರಟು ಕೆ.ಆರ್. ಪುರಂ ನೋಡ್ಕೊಂಡು ಬಂದ್ವಿ."

ಬಾಡಿದ ಚೆಂಡುಹೂವು

ಕೊನೆಗೂ ಇಂದಿರಾನಗರದ ಆಫೀಸಿನಿಂದ ಕರೆ ಬಂತು. ಓಡಿದೆ. ಮಾಲೀಕರ ಎದುರು ತನಿಖೆಯ ಇಂಜಿನಿಯರ್ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು. ಒಳಗೆ ಬಾಡಿದ ಚೆಂಡುಹೂವು!

ಆದದ್ದಿಷ್ಟು. ಅಪಘಾತದ ಹಿಂದಿನ ದಿನ ಆಯುಧಪೂಜೆ. ಪೂಜೆಯ ಹಾರ ಎಸೆಯಲು ಮನಸ್ಸು ಬಾರದೆ ನಮ್ಮ ಫಿಟ್ಟರ್ ಅದನ್ನು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ, ಹೊರಗೆ ಕಾಣದ ಹಾಗೆ, ಭಕ್ತಿಯಿಂದ ಸಿಕ್ಕಿಸಿದ್ದ. ಮರುದಿನ ಎಂಜಿನ್ ಜೋರಾದಾಗ ದಳಗಳೆಲ್ಲ ಹೋಗಿ ಫಿಲ್ಟರಿಗೆ ಮೆತ್ತಿಕೊಂಡು ಗಾಳಿಯನ್ನೇ ಮುಚ್ಚಿದ್ದವು.

"ಪೈಲಟ್ ತಪ್ಪು ಏನೂ ಇಲ್ಲ. ಅವರು ಇಳಿಸಿದ ರೀತಿಯಿಂದಲೇ ಬದುಕಿದ್ದಾರೆ," ಎಂದರು ಇಂಜಿನಿಯರ್.

ನನ್ನ ಕಣ್ಣು ತುಂಬಿತು. ಜತೆಗೆ ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ನೆತ್ತಿಗೇರಿತು. "ನೋಡಿ ಸಾರ್! ಒಂದು ಹಾರದಿಂದ ನನ್ನ ಪ್ರಾಣಾನೇ ಹೋಗ್ತಿತ್ತು!" ಎಂದು ಮೇಜು ಕುಟ್ಟಿದೆ.

ಮಾಲೀಕರು ಎದ್ದರು. ಚಪ್ಪಲಿ ಬಿಟ್ಟರು. ಆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು.

"ಕ್ಯಾಪ್ಟನ್, ಅಷ್ಟು ಮೇಲಿಂದ ಬಿದ್ರೂ ನಿಮಗೊಂದು ಗೀರೂ ಆಗ್ಲಿಲ್ಲ ಅಂದ್ರೆ, ಒಳಗೆ ಈ ಹಾರ ಇತ್ತಲ್ಲ, ಅದಕ್ಕೇ. ಸೋಮವಾರದಿಂದ ಡ್ಯೂಟಿಗೆ ಬನ್ನಿ. ಈ ಸಲ ಎರಡು ಹಾರ ಇಡ್ಸೋಣ."